ಲಿಫ್ಟಿನವನ ತಪ್ಪೊಪ್ಪಿಗೆ

ಬಂದೂಕು, ಮಾದಕವಸ್ತು, ಹೊಡೆದಾಟ. ನನ್ನ ಬಳಿ ಬರುವ ಕೇಸುಗಳು ಹೆಚ್ಚುಕಡಿಮೆ ಈ ಮೂರರಲ್ಲಿ ಒಂದಕ್ಕೆ ಸೇರಿರುತ್ತವೆ. ಲಿಫ್ಟಿನವನ ಕೇಸಿನಲ್ಲಿ ಮೂರೂ ಇದ್ದವು.

ಅವನು ಲಿಫ್ಟ್ ರಿಪೇರಿ ಮಾಡುವವನು. ಊರಿನ ಇಪ್ಪತ್ತೆರಡು ಕಟ್ಟಡಗಳ ಲಿಫ್ಟುಗಳನ್ನು ತಿಂಗಳಿಗೊಮ್ಮೆ ಹೋಗಿ ನೋಡಿಕೊಳ್ಳುವುದು ಅವನ ಕೆಲಸ. ಅವುಗಳಲ್ಲಿ ಒಂದು ಏಳು ಮಹಡಿಯ ಹಳೆಯ ಕಟ್ಟಡ. ಅದರ ತಾರಸಿಯ ಮೇಲೆ ಲಿಫ್ಟಿನ ಮೋಟಾರು ಕೂರಿಸಿದ ಸಣ್ಣ ಕೋಣೆಯಿದೆ. ಬೀಗದ ಕೈ ಇವನ ಬಳಿ ಇರುತ್ತಿತ್ತು. ಕೋಣೆಯ ಮೂಲೆಯಲ್ಲಿ ಇವನ ತಗಡಿನ ಡಬ್ಬ. ಅದರೊಳಗೆ ಸವೆದ ರೋಲರುಗಳು, ನಟ್ಟು ಬೋಲ್ಟು, ಗ್ರೀಸು ಒರೆಸುವ ಹಳೇ ಬಟ್ಟೆ. ಪೊಲೀಸರು ಡಬ್ಬ ತೆರೆದಾಗ ಆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಪಿಸ್ತೂಲು, ಅದರಡಿ ಹದಿನಾಲ್ಕು ಪೊಟ್ಟಣ ಬಿಳಿ ಪುಡಿ ಸಿಕ್ಕವು. ಅದಕ್ಕೆ ಒಂಬತ್ತು ದಿನ ಮುಂಚೆ ಅದೇ ಕಟ್ಟಡದ ಮೆಟ್ಟಿಲ ಮೇಲೆ ಒಬ್ಬನ ತೊಡೆಗೆ ಗುಂಡು ಬಿದ್ದಿತ್ತು. ಗುಂಡು ಆ ಪಿಸ್ತೂಲಿನದೇ. ಏಟು ತಿಂದವನು ಮಾತ್ರ, ಹೊಡೆದವನ ಮುಖ ನೋಡಲಿಲ್ಲ ಎಂದು ಹೇಳಿ ಆಸ್ಪತ್ರೆಯ ಗೋಡೆಯ ಕಡೆ ಮಗ್ಗುಲಾಗಿದ್ದ.

ಇಷ್ಟೇ ಆಗಿದ್ದರೆ ಒಂದು ಮಾತು. ಲಿಫ್ಟಿನವನು ಹತ್ತೊಂಬತ್ತನೇ ವಯಸ್ಸಿನಲ್ಲಿ ಯಾವುದೋ ಜಗಳದಲ್ಲಿ ಒಬ್ಬನ ಕೈಗೆ ಚಾಕು ಹಾಕಿ, ಹತ್ತು ತಿಂಗಳು ಒಳಗಿದ್ದು ಬಂದಿದ್ದ. ಅದಾಗಿ ಹದಿಮೂರು ವರ್ಷ ಕಳೆದಿತ್ತು. ಆದರೆ ಪೊಲೀಸ್ ಕಡತಕ್ಕೆ ವಯಸ್ಸಾಗುವುದಿಲ್ಲ.

ನಾನು ಅವನನ್ನು ಮೊದಲು ಕಂಡದ್ದು ಠಾಣೆಯ ಹಿಂದಿನ ಕೋಣೆಯಲ್ಲಿ. ಮೇಜಿನ ಒಂದು ಕಾಲು ಗಿಡ್ಡವಾಗಿತ್ತು. ಅದರಡಿ ಯಾರೋ ರಟ್ಟು ಮಡಿಸಿ ಇಟ್ಟಿದ್ದರು. ಅವನು ಕೂತವನೇ ಮೇಜನ್ನು ಅಲುಗಾಡಿಸಿ ನೋಡಿದ. ಬಗ್ಗಿ, ಆ ರಟ್ಟನ್ನು ಇನ್ನೊಂದು ಮಡಿಕೆ ಮಡಿಸಿ ಒಳಗೆ ತಳ್ಳಿದ. ಮೇಜು ನಿಂತಿತು. ಆಮೇಲೆ ನನ್ನ ಮುಖ ನೋಡಿದ.

"ಸಾರ್, ನಾನು..."

"ತಡಿ," ಎಂದೆ. ಕೈಯನ್ನೂ ಎತ್ತಿದೆ. "ಮಾಡಿದೀನಿ, ಮಾಡಿಲ್ಲ, ಎರಡೂ ನನಗೆ ಬೇಡ. ನಾನು ಅದನ್ನ ಕೇಳೋದೂ ಇಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು."

"ಅಲ್ಲ ಸಾರ್, ಒಂದೇ ಮಾತು..."

"ಆ ಒಂದೇ ಮಾತಿನಿಂದ ಎಷ್ಟು ಜನ ಒಳಗೆ ಕೊಳೀತಿದಾರೆ ಗೊತ್ತಾ? ಬೀಗದ ಕೈ ವಿಷಯ ಹೇಳು. ಇನ್ನ್ಯಾರ ಹತ್ರ ಇತ್ತು?"

ತೆರೆದಿದ್ದ ಬಾಯಿಯನ್ನು ಅವನು ಹಾಗೆಯೇ ಮುಚ್ಚಿದ. ಬೀಗದ ಕೈ ವಿಷಯ ಹೇಳಿದ.

ಇದು ನನಗೆ ದೊಡ್ಡ ವಕೀಲರು ಕಲಿಸಿದ ವಿದ್ಯೆ. ಅವರ ಕೈಕೆಳಗೆ ನಾನು ಎಂಟು ವರ್ಷ ದುಡಿದಿದ್ದೆ. "ರೋಗಾನ ಡಾಕ್ಟ್ರಿಗೆ ಹೇಳ್ಬೇಕು, ವಕೀಲನಿಗೆ ಹೇಳ್ಬಾರ್ದು ಕಣಯ್ಯಾ," ಎನ್ನುತ್ತಿದ್ದರು. "ಗೊತ್ತಿದ್ದೂ ಹೇಳಿದ್ರೆ ಅದು ಸುಳ್ಳು. ಗೊತ್ತಿಲ್ದೆ ಹೇಳಿದ್ರೆ ಅದು ವಾದ." ಕೇಳಿದವರು ನಗುವ ಮುಂಚೆ ತಾವೇ ನಗುತ್ತಿದ್ದರು. ಕಕ್ಷಿಗಾರ ತಾನು ತಪ್ಪು ಮಾಡಿದ್ದೇನೆ ಎಂದು ನಮಗೆ ಹೇಳಿಬಿಟ್ಟರೆ, ಆಮೇಲೆ ನಾವು ಅವನನ್ನು ಕಟಕಟೆಗೆ ಹತ್ತಿಸಿ ಮಾಡಿಲ್ಲ ಎಂದು ಹೇಳಿಸುವಂತಿಲ್ಲ. ಆದ್ದರಿಂದ ಕೇಳಬಾರದು. ಮಾಡಿಲ್ಲ ಎನ್ನುವವನದನ್ನೂ ಕೇಳಬಾರದು. ಯಾಕೆಂದರೆ ಒಬ್ಬನದು ಕೇಳಿದರೆ ಎಲ್ಲರದೂ ಕೇಳಿದಂತಾಗುತ್ತದೆ.

ಅವರ ಇನ್ನೊಂದು ಪಾಠ: "ಮೊದಲು ಕಕ್ಷಿಗಾರನ ಬಾಯಿಗೆ ಬೀಗ ಹಾಕು, ಆಮೇಲೆ ವಕಾಲತ್ತು ಹಾಕು." ಜೈಲಿನ ಭೇಟಿಯ ಕೋಣೆಯಲ್ಲಿ ಗಾಜಿನ ಆಚೆಗೊಂದು ಈಚೆಗೊಂದು ಫೋನಿರುತ್ತದೆ. ಅದರಲ್ಲಿ ಆಡಿದ ಪ್ರತಿ ಮಾತೂ ದಾಖಲಾಗುತ್ತದೆ. ನಮ್ಮದೇ ಕಕ್ಷಿಗಾರನೊಬ್ಬ ಹೆಂಡತಿಯ ಮುಂದೆ "ನನ್ನಿಂದ ತಪ್ಪಾಯ್ತು ಕಣೇ" ಎಂದು ಅತ್ತಿದ್ದ. ಅವನು ಅತ್ತದ್ದು ಬೇರೊಂದು ಹೆಣ್ಣಿನ ವಿಷಯಕ್ಕೆ. ಸರ್ಕಾರಿ ವಕೀಲರು ಆ ಒಂದು ಸಾಲನ್ನು ತುಂಬಿದ ನ್ಯಾಯಾಲಯದಲ್ಲಿ ಎರಡು ಸಲ ಕೇಳಿಸಿದರು. ಹನ್ನೊಂದು ವರ್ಷ ಬಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಆ ಗಾದೆಯನ್ನು ನಾನು ಅವತ್ತು ಕಣ್ಣಾರೆ ಕಂಡೆ.

ಹಾಗಾಗಿ ಲಿಫ್ಟಿನವನಿಗೂ ಹೇಳಿದೆ: "ಈ ಕೇಸಿನ ಬಗ್ಗೆ ಯಾರ ಹತ್ರಾನೂ ಒಂದಕ್ಷರ ಆಡ್ಬಾರ್ದು. ಪಕ್ಕದ ಹಾಸಿಗೆಯವನ ಹತ್ರ ಇಲ್ಲ, ಹೆಂಡತಿ ಹತ್ರ ಇಲ್ಲ. ದೇವರ ಹತ್ರ ಆದ್ರೂ ಮನಸ್ಸಲ್ಲೇ."

"ಹೆಂಡತಿ ಇಲ್ಲ ಸಾರ್. ಅಕ್ಕ ಇದಾಳೆ."

"ಅಕ್ಕನ ಹತ್ರಾನೂ ಇಲ್ಲ."

ಅವನು ಸ್ವಲ್ಪ ಯೋಚಿಸಿದ. "ಅಕ್ಕ ಕೇಳ್ತಾಳೆ ಸಾರ್."

"ಕೇಳ್ಲಿ."

"ವಕೀಲ್ರು ಹೇಳ್ಬೇಡ ಅಂದಿದಾರೆ ಅನ್ಲಾ?"

"ಅದೂ ಬೇಡ. ಹೇಳ್ಬೇಡ ಅಂದಿದಾರೆ ಅಂದ್ರೆ ಹೇಳೋಕೆ ಏನೋ ಇದೆ ಅಂತ ಆಗುತ್ತೆ. ಸುಮ್ನಿದ್ದುಬಿಡು."

ಲಿಫ್ಟಿನವರಲ್ಲಿ ಒಂದು ಪದ್ಧತಿಯಿದೆ. ಒಬ್ಬ ಲಿಫ್ಟಿನ ಗುಂಡಿಯೊಳಗೆ ಇಳಿಯುವ ಮುಂಚೆ ಸ್ವಿಚ್ಚಿಗೆ 'ಕೆಲಸ ನಡೆಯುತ್ತಿದೆ' ಎಂಬ ಫಲಕ ನೇತುಹಾಕುತ್ತಾನೆ. ಹಾಕಿದವನು ತನ್ನ ಕೈಯಾರೆ ತೆಗೆಯುವವರೆಗೆ ಅದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮಾಲೀಕನೇ ಬಂದರೂ ಇಲ್ಲ. ಇದನ್ನು ಅವನೇ ನನಗೆ ಒಮ್ಮೆ ವಿವರಿಸಿದ್ದ. ನನ್ನ ಮಾತನ್ನೂ ಅವನು ಅಂಥ ಫಲಕದಂತೆ ತೆಗೆದುಕೊಂಡ ಎಂಬುದು ನನಗೆ ಆಗ ಹೊಳೆಯಲಿಲ್ಲ. ಕಕ್ಷಿಗಾರರು ಸಾಮಾನ್ಯವಾಗಿ ನಮ್ಮ ಮಾತಿನಲ್ಲಿ ಅರ್ಧ ಕೇಳುತ್ತಾರೆ. ಅದನ್ನು ಲೆಕ್ಕ ಹಿಡಿದೇ ನಾವು ಎರಡರಷ್ಟು ಗಟ್ಟಿಯಾಗಿ ಹೇಳುವುದು.

ಅವನ ಅಕ್ಕ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ತಮ್ಮನಿಗಿಂತ ಎಂಟು ವರ್ಷಕ್ಕೆ ದೊಡ್ಡವಳು. ತನ್ನ ಹದಿನೇಳನೇ ವಯಸ್ಸಿನಿಂದ ಅವನಿಗೆ ತಾಯಿ. ಮೂರನೇ ದಿನ ಅವಳು ನನ್ನ ಕಚೇರಿ ಹುಡುಕಿಕೊಂಡು ಬಂದಾಗ ನಾನು ನ್ಯಾಯಾಲಯಕ್ಕೆ ಹೊರಟಿದ್ದೆ. ಮೆಟ್ಟಿಲ ಮೇಲೆ ಸಿಕ್ಕಳು. ಅವಳ ಎರಡೂ ಕೈಗಳ ಮೇಲೆ ಸುಟ್ಟ ಸಣ್ಣ ಗೀರುಗಳಿದ್ದವು, ಹಳೆಯವು, ಒಂದರ ಕೆಳಗೊಂದು.

"ವಕೀಲ್ರೇ, ನಿಲ್ಲಿ. ಅವನು ನಿಮ್ಮ ಹತ್ರ ಏನ್ ಹೇಳ್ದ?"

"ಏನೂ ಹೇಳಿಲ್ಲಮ್ಮ."

"ಮಾಡಿದೀನಿ ಅಂತಾನೂ ಇಲ್ಲ, ಮಾಡಿಲ್ಲ ಅಂತಾನೂ ಇಲ್ಲ?"

"ನಾವು ಅದನ್ನ ಕೇಳೋದಿಲ್ಲ."

"ಕೇಳೋದೇ ಇಲ್ವಾ?" ಅವಳು ನಿಜಕ್ಕೂ ಬೆರಗಾದಳು. "ಜ್ವರ ಇದೆಯಾ ಅಂತ ಕೇಳ್ದೇನೇ ಮಾತ್ರೆ ಕೊಡ್ತೀರಾ?"

ನಾನು ನಕ್ಕೆ. "ಕೆಲವು ವಿಷಯ ಕೇಳದೆ ಇರೋದೇ ಒಳ್ಳೇದಮ್ಮ. ಅವನಿಗೂ ಒಳ್ಳೇದು, ನಿಮಗೂ ಒಳ್ಳೇದು."

ದಿನಕ್ಕೆ ನಾಲ್ಕು ಸಲ ನಾಲ್ಕು ಮನೆಯವರಿಗೆ ಆಡುವ ಮಾತು ಅದು. ಬಾಯಿಯಿಂದ ತಾನೇ ಬರುತ್ತದೆ. ಅವಳು ನನ್ನ ಮುಖವನ್ನು ಒಂದು ಕ್ಷಣ ಓದಿದಳು. ಸೆರಗಿನ ತುದಿಯನ್ನು ಮುಷ್ಟಿಯೊಳಗೆ ಸೇರಿಸಿಕೊಂಡು, "ಅರ್ಥ ಆಯ್ತು ಬಿಡಿ," ಎಂದಳು. ಏನು ಅರ್ಥವಾಯಿತು ಎಂದು ನಾನು ಕೇಳಲಿಲ್ಲ. ಕೇಳದಿರುವುದು ನನಗೆ ಅಷ್ಟು ಅಭ್ಯಾಸವಾಗಿತ್ತು.

ಭಾನುವಾರಕ್ಕೊಮ್ಮೆ ಅವಳು ಜೈಲಿಗೆ ಹೋಗುತ್ತಿದ್ದಳು. ತಮ್ಮ ತನ್ನ ಕೆಮ್ಮಿನ ಬಗ್ಗೆ ಹೇಳುತ್ತಿದ್ದ. ಜೈಲಿನ ಆಸ್ಪತ್ರೆಯ ಲಿಫ್ಟು ಮೂರನೇ ಮಹಡಿಯಲ್ಲಿ ಎರಡಂಗುಲ ಕೆಳಗೆ ನಿಲ್ಲುತ್ತದೆ, ಸರಿಮಾಡಲು ತನಗೆ ಬಿಡುತ್ತಿಲ್ಲ ಎಂದು ದೂರುತ್ತಿದ್ದ. ಅವಳು ಕೇಸಿನ ಮಾತು ಎತ್ತಿದರೆ ಗಾಜಿನ ಮೇಲೆ ಬಿದ್ದ ಬೆರಳ ಗುರುತುಗಳನ್ನು ನೋಡುತ್ತಾ ಕೂರುತ್ತಿದ್ದ. ಮೂರು ಭಾನುವಾರ ಕೇಳಿದಳು. ನಾಲ್ಕನೆಯದಕ್ಕೆ ಬಿಟ್ಟಳು. ಇವೆಲ್ಲ ನನಗೆ ತಿಳಿದದ್ದು ಬಹಳ ಆಮೇಲೆ.

ನಾನು ಆ ನಾಲ್ಕು ತಿಂಗಳು ಚೆನ್ನಾಗಿಯೇ ಕೆಲಸ ಮಾಡಿದೆ ಎಂದುಕೊಂಡಿದ್ದೆ. ಕಟ್ಟಡದ ಕಾವಲುಗಾರನ ಬಳಿ ಇನ್ನೊಂದು ಕೀ ಇತ್ತೆಂಬುದನ್ನು ಹುಡುಕಿದೆ. ಪಿಸ್ತೂಲಿನ ಮೇಲೆ ಲಿಫ್ಟಿನವನ ಬೆರಳ ಗುರುತು ಇರಲಿಲ್ಲ. ಡಬ್ಬದ ಮೇಲೆ ಇದ್ದರೆ ಡಬ್ಬ ಅವನದೇ ತಾನೆ? ತನಿಖೆಯವರಿಗೆ ಕೇಳಬೇಕಾದ ಮೂವತ್ತೊಂದು ಪ್ರಶ್ನೆಗಳನ್ನು ಬರೆದಿಟ್ಟುಕೊಂಡೆ. ಎಲ್ಲರಿಗೂ ಕೇಳಲು ನನ್ನ ಬಳಿ ಪ್ರಶ್ನೆಗಳಿದ್ದವು.

ವಿಚಾರಣೆ ಶುರುವಾಗಲು ಎರಡು ವಾರ ಇರುವಾಗ ಸರ್ಕಾರಿ ವಕೀಲರು ಪಡಸಾಲೆಯಲ್ಲಿ ನನ್ನ ತೋಳು ಹಿಡಿದರು. "ಇಟ್ಕೊಂಡಿದ್ದು ನಾನೇ ಅಂತ ಒಪ್ಕೊಳ್ಲಿ. ನಾಲ್ಕು ವರ್ಷ. ಗುಂಡು ಹಾರಿಸಿದ ಕೇಸು ಕೈಬಿಡ್ತೀವಿ. ಇಲ್ಲ ಅಂದ್ರೆ ನಡೀಲಿ ವಿಚಾರಣೆ. ಸೋತ್ರೆ ಹನ್ನೆರಡು ಗ್ಯಾರಂಟಿ."

ಬಂದ ಪ್ರಸ್ತಾಪವನ್ನು ಕಕ್ಷಿಗಾರನಿಗೆ ತಿಳಿಸುವುದು ನಮ್ಮ ಧರ್ಮ. ತಿಳಿಸಿದೆ. "ನಾವು ಗೆಲ್ಲಬಹುದು. ನೂರಕ್ಕೆ ಅರವತ್ತು," ಎಂದೆ.

"ಉಳಿದ ನಲವತ್ತು?"

"ಹನ್ನೆರಡು ವರ್ಷ."

ಅವನು ಕಣ್ಣು ಮಿಟುಕಿಸದೆ, "ಹೋರಾಡೋಣ ಸಾರ್," ಎಂದ. ಬಾಗಿಲವರೆಗೆ ಬಂದ ಮೇಲೆ ಸೇರಿಸಿದ: "ಆದ್ರೆ ಅಕ್ಕನಿಗೂ ಒಂದ್ ಮಾತು ಹೇಳಿ. ಆಮೇಲೆ ನನಗೆ ಯಾಕೆ ಹೇಳ್ಲಿಲ್ಲ ಅಂತಾಳೆ."

ಆ ಭಾನುವಾರ ನಾನೂ ಹೋದೆ. ಅವಳಿಗೆ ಹೊರಗಿನ ಬೆಂಚಿನ ಮೇಲೆ ನಾಲ್ಕು, ಹನ್ನೆರಡು, ಅರವತ್ತು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕೇಳಿದ್ದು ಒಂದೇ: "ಒಪ್ಕೊಂಡ್ರೆ ನಾಲ್ಕೇ ವರ್ಷ, ಅಲ್ವಾ?" ಭೇಟಿಯ ಕೋಣೆಯಲ್ಲಿ ಅವಳು ಗಾಜಿನ ಮುಂದೆ ಕೂತಳು. ನಾನು ಅವಳ ಹಿಂದೆ ನಿಂತೆ. ಅವಳ ಮಾತು ನನಗೆ ನೇರವಾಗಿ ಕೇಳುತ್ತಿತ್ತು. ಅವನದು ಫೋನಿನೊಳಗಿಂದ ನೊಣದ ಸದ್ದಿನಂತೆ.

"ಏಯ್, ಇಲ್ಲಿ ನೋಡು, ನನ್ನ ಮುಖ ನೋಡು. ನಾಲ್ಕು ವರ್ಷ ಅಂತೆ. ನಾನು ಕಾಯ್ತೀನಿ. ಆವತ್ತು ಚಾಕು ಹಾಕ್ದಾಗ್ಲೂ ಕಾದಿದ್ದೆ ತಾನೆ? ತಪ್ಪು ಒಪ್ಕೊಂಡ್ರೆ ಯಾರೂ ಚಿಕ್ಕೋರಾಗಲ್ಲ ಕಣೋ. ನನ್ನ ಮುಂದೆ ಹೇಳೋಕಾಗ್ದಿದ್ರೆ ಬೇಡ. ನಾನು ಇನ್ನು ಕೇಳೋದೂ ಇಲ್ಲ. ಅಲ್ಲಿ, ಜಡ್ಜ್ ಮುಂದೆ ಹೇಳ್ಬಿಡು. ಹಗುರ ಆಗ್ತೀಯ."

ಅವನು ಅವಳನ್ನೇ ನೋಡುತ್ತಿದ್ದ. ಅಷ್ಟು ದಿನವೂ ಅಕ್ಕ ತನ್ನನ್ನು ನಂಬಿ ಬಂದು ಕೂರುತ್ತಿದ್ದಾಳೆ ಎಂದುಕೊಂಡಿದ್ದನೇನೋ. ಆ ನಂಬಿಕೆ ಅವನ ಮುಖದಿಂದ ಇಳಿದುಹೋಗುವುದು ಹಿಂದೆ ನಿಂತ ನನಗೂ ಕಂಡಿತು. ತುಟಿ ಬಿಚ್ಚಿದ. ಆಮೇಲೆ ಅವಳ ಹೆಗಲ ಮೇಲಿಂದ ನನ್ನ ಕಡೆ ದೃಷ್ಟಿ ಎತ್ತಿದ.

ಅವನು ಅನುಮತಿ ಕೇಳುತ್ತಿದ್ದ. ಇದರಲ್ಲಿ ನನಗೆ ಆಗಲೂ ಸಂಶಯವಿರಲಿಲ್ಲ, ಈಗಲೂ ಇಲ್ಲ. ಫೋನಿನ ಪಕ್ಕದಲ್ಲಿ 'ಇಲ್ಲಿ ಆಡುವ ಮಾತು ದಾಖಲಾಗುತ್ತದೆ' ಎಂಬ ಚೀಟಿ ಅಂಟಿಸಿತ್ತು. ಅದರ ಒಂದು ಮೂಲೆಯನ್ನು ಯಾರೋ ಕೆರೆದಿದ್ದರು. ನಾನು ತಲೆಯಾಡಿಸಿದೆ. ಬೇಡ ಎಂದು, ಸ್ವಲ್ಪವೇ. ಎಷ್ಟೋ ಕಟಕಟೆಗಳಲ್ಲಿ ಎಷ್ಟೋ ಜನರಿಗೆ ಹಾಗೆ ತಲೆಯಾಡಿಸಿ ನಾನು ಅವರನ್ನು ಉಳಿಸಿದ್ದೇನೆ.

"ಹೂಂ ಅಕ್ಕ," ಎಂದ ಅವನು. ನನ್ನತ್ತ ಬೆರಳು ತೋರಿಸಿದ. ಅವಳು ಎದ್ದು ಫೋನು ಕೊಟ್ಟಳು. ಅವಳ ಕಿವಿಯ ಬಿಸಿ ಅದರ ಮೇಲೆ ಇನ್ನೂ ಇತ್ತು.

"ಸಾರ್, ಎಲ್ಲಿ ಸಹಿ ಹಾಕ್ಬೇಕು ಹೇಳಿ."

"ಹೋರಾಡೋಣ ಅಂದಿದ್ಯಲ್ಲ?"

"ಯಾರಿಗೋಸ್ಕರ ಸಾರ್?"

ವಕೀಲರಿಗೆ ಜೈಲಿನಲ್ಲಿ ಬೇರೆ ಕೋಣೆಯಿದೆ. ಅಲ್ಲಿ ಗಾಜಿಲ್ಲ, ಫೋನಿಲ್ಲ, ದಾಖಲೆಯಿಲ್ಲ. ನಾನು ನಿಂತಿದ್ದ ಜಾಗದಿಂದ ಅದು ಮೂರನೇ ಬಾಗಿಲು. ಅಲ್ಲಿ ಅವನನ್ನು ಕೂರಿಸಿಕೊಂಡು, ಮಾಡಿದ್ದೀಯಾ ಎಂದು ಕೇಳಬಹುದಿತ್ತು. ಮೊದಲ ದಿನ ಏನು ಹೇಳಲು ಹೊರಟಿದ್ದೆ, ಈಗ ಹೇಳು ಎನ್ನಬಹುದಿತ್ತು. ನಾನು ಆ ಕೋಣೆಗೆ ಹೋದೆ. ಅವನನ್ನು ಕರೆಸಿದೆ. ಕಾಗದಗಳನ್ನು ಒಂದೊಂದಾಗಿ ವಿವರಿಸಿದೆ, ಐದು ಕಡೆ ಸಹಿ ಹಾಕಿಸಿಕೊಂಡೆ. ಅಕ್ಕನ ಒತ್ತಾಯಕ್ಕಾದರೂ ನಿಜ ಹೊರಬಂತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ ಕೂಡ. ಮೌನ ಸಮ್ಮತಿಯ ಲಕ್ಷಣ ಎಂದು ನಾವೇ ಬೇರೆಯವರ ವಿರುದ್ಧ ವಾದಿಸುವುದುಂಟು.

ನ್ಯಾಯಾಧೀಶರು ಪದ್ಧತಿಯಂತೆ ಕೇಳಿದರು. ಯಾರಾದರೂ ಹೆದರಿಸಿದ್ದಾರೆಯೆ? ಇಲ್ಲ. ಆಸೆ ತೋರಿಸಿದ್ದಾರೆಯೆ? ಇಲ್ಲ.

"ಪಿಸ್ತೂಲನ್ನೂ ಪೊಟ್ಟಣಗಳನ್ನೂ ಆ ಡಬ್ಬದಲ್ಲಿ ಇಟ್ಟವನು ನೀನೇ?"

ಅವನು ತಡಮಾಡಿದ. ಬೆರಳಚ್ಚಿನವಳ ಕೈಗಳು ಕೀಲಿಗಳ ಮೇಲೆ ಕಾಯುತ್ತಾ ನಿಂತವು. ಹಿಂದಿನ ಸಾಲಿನಲ್ಲಿ ಅಕ್ಕ ಕುರ್ಚಿಯ ತುದಿಗೆ ಬಂದಿದ್ದಳು. ನಾನು ಕಡತದ ದಾರವನ್ನು ಬಿಚ್ಚಿ ಕಟ್ಟುತ್ತಿದ್ದೆ.

"ಹೌದು."

ಮಾಡಿಲ್ಲ ಎಂದು ಅವನು ನನಗೆ ಮೊದಲೇ ಹೇಳಿದ್ದರೆ, ಆ 'ಹೌದು' ಅನ್ನು ನಾನು ತಡೆಯಲೇಬೇಕಾಗುತ್ತಿತ್ತು. ಕೇಳಿರಲಿಲ್ಲವಾದ್ದರಿಂದ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವಾದ್ದರಿಂದ ತಡೆಯಲಿಲ್ಲ. ದೊಡ್ಡ ವಕೀಲರ ವಿದ್ಯೆ ಎಲ್ಲೂ ತಪ್ಪದೆ ಕೆಲಸ ಮಾಡಿತ್ತು.

ಮೂರು ವರ್ಷ ಮೂರು ತಿಂಗಳ ಮೇಲೆ, ಒಂದು ಬೆಳಿಗ್ಗೆ ನಮ್ಮ ಪಕ್ಕದ ಕಚೇರಿಯ ವಕೀಲ ದಪ್ಪ ಕಡತವೊಂದನ್ನು ಎತ್ತಿಕೊಂಡು ಬಂದ. ಅವನನ್ನು ನಾವೆಲ್ಲ ಗಂಟಲು ಎಂದೇ ಕರೆಯುವುದು. ಅವನು ಪಿಸುಗುಟ್ಟಿದರೆ ಮೂರು ಕೋರ್ಟು ಆಚೆ ಕೇಳುತ್ತದೆ.

"ನೋಡಯ್ಯಾ, ನನ್ನ ಹೊಸ ಕಕ್ಷಿಗಾರ. ಎಂಟು ಪಿಸ್ತೂಲಿನ ಜೊತೆ ಸಿಕ್ಕಿಬಿದ್ದಿದಾನೆ. ಪೊಲೀಸ್ರು ಒಂದ್ ಕೇಳಿದ್ರೆ ಹತ್ತು ಹೇಳಿದಾನೆ. ಹೇಳಿಕೆ ಮೂವತ್ತು ಪುಟ! ನೀನಾಗಿದ್ರೆ ಎರಡನೇ ಸಾಲಲ್ಲೇ ಅವನ ಬಾಯಿಗೆ ಬಟ್ಟೆ ತುರುಕ್ತಿದ್ದೆ. ಜಾಮೀನಿಗೆ ಏನಾದ್ರೂ ದಾರಿ ಇದೆಯಾ ನೋಡು."

ಅವನು ತಾನೇ ಹೇಳಿದ್ದಕ್ಕೆ ನಗುತ್ತಾ ಕಿಟಕಿಯ ಬಳಿ ಹೋಗಿ ನಿಂತ. ನಾನು ಓದಿದೆ. ಹತ್ತೊಂಬತ್ತನೇ ಪುಟದಲ್ಲಿ ಆ ಏಳು ಮಹಡಿಯ ಕಟ್ಟಡ ಬಂತು. ಮೆಟ್ಟಿಲ ಮೇಲೆ ಒಬ್ಬನಿಗೆ ಗುಂಡು ಹೊಡೆದದ್ದು ಬಂತು. ಅದರ ಕೆಳಗೆ: 'ಕಾವಲುಗಾರನ ಕೋಣೆಯಿಂದ ಕೀ ತೆಗೆದುಕೊಂಡು ತಾರಸಿಗೆ ಹೋಗಿ, ಲಿಫ್ಟಿನ ಮೋಟಾರು ಕೋಣೆಯಲ್ಲಿದ್ದ ಯಾವುದೋ ಡಬ್ಬದಲ್ಲಿ ಪಿಸ್ತೂಲನ್ನು ಬಟ್ಟೆ ಸುತ್ತಿ, ಪೊಟ್ಟಣಗಳ ಜೊತೆ ಇಟ್ಟೆವು. ಆಮೇಲೆ ಎಲ್ಲ ಪೊಲೀಸರ ಪಾಲಾಯಿತು.' ಅಷ್ಟೇ. ಮುಂದಿನ ಸಾಲಿನಲ್ಲಿ ಅವನು ಬೇರೆ ಬೀದಿಗೆ ಹೋಗಿದ್ದ. ಮುಗಿದ ಕೇಸಿನ ಗೊಡವೆ ಪೊಲೀಸರಿಗೆ ಯಾಕೆ ಬೇಕು?

"ಏನಯ್ಯಾ, ಮುಖ ಹಂಗಾಯ್ತು?"

"ಏನಿಲ್ಲ," ಎಂದೆ.

ಮನೆಯಲ್ಲಿ ಹೆಂಡತಿಯೂ ಅದನ್ನೇ ಕೇಳಿದಳು. ಅವಳಿಗೂ ಏನಿಲ್ಲ ಎಂದೆ. "ಇಪ್ಪತ್ತು ವರ್ಷದಿಂದ ನಿಮಗೆ ಏನೂ ಆಗಿಲ್ಲ ನೋಡಿ," ಎಂದಳು ಅವಳು, ತಟ್ಟೆ ಎತ್ತುತ್ತಾ. "ಯಾರ ಕಣ್ಣೂ ಬೀಳ್ದೇ ಇರ್ಲಿ."

ಮರುದಿನ ಜೈಲಿನ ವಕೀಲರ ಕೋಣೆಯಲ್ಲಿ ಆ ಪುಟವನ್ನು ಲಿಫ್ಟಿನವನ ಮುಂದಿಟ್ಟೆ. ಅವನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಬೆರಳಿಟ್ಟುಕೊಂಡು ಎರಡು ಸಲ ಓದಿದ.

"ಯಾವುದೋ ಡಬ್ಬ ಅಂತೆ," ಎಂದ. "ಮೇಲೆ ನನ್ನ ಹೆಸರು ಬರ್ದಿತ್ತಲ್ಲ ಸಾರ್, ಕೆಂಪು ಬಣ್ಣದಲ್ಲಿ. ಇವನಿಗೆ ಓದೋಕೆ ಬರಲ್ವಾ?"

"ತಪ್ಪು ನನ್ನದು," ಎಂದೆ. ಅದನ್ನು ಹೇಳಲು ದಾರಿಯುದ್ದಕ್ಕೂ ಸಿದ್ಧನಾಗಿ ಬಂದಿದ್ದೆ. "ಮೊದಲ ದಿನ ನಿನ್ನ ಮಾತು ಕೇಳಿಸ್ಕೋಬೇಕಿತ್ತು."

"ನೀವು ನಿಮ್ಮ ಕೆಲಸ ಮಾಡಿದ್ರಿ ಬಿಡಿ."

ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಮುಂದಿನದನ್ನು ಹೇಳಿದೆ. ತೀರ್ಪನ್ನು ರದ್ದುಮಾಡಿಸಲು ಅರ್ಜಿ ಹಾಕಬಹುದು. ಈ ಹೇಳಿಕೆ ಗಟ್ಟಿ ಆಧಾರ. ಆದರೆ ಅವನೇ ತುಂಬಿದ ನ್ಯಾಯಾಲಯದಲ್ಲಿ ಹೌದು ಎಂದಿದ್ದಾನೆ. ಯಾಕೆ ಹಾಗೆಂದೆ ಎಂಬ ಪ್ರಶ್ನೆ ಬಂದೇ ಬರುತ್ತದೆ.

"ಏನ್ ಹೇಳ್ಬೇಕು?"

"ಇದ್ದದ್ದು. ಅಕ್ಕ ಒಪ್ಕೋ ಅಂದ್ಲು, ಅದಕ್ಕೆ ಒಪ್ಕೊಂಡೆ ಅಂತ. ಭೇಟಿಯ ಕೋಣೆಯ ದಾಖಲೆ ಇದೆ. ಅಕ್ಕನ್ನೂ ಸಾಕ್ಷಿಗೆ ಕರೀಬೇಕಾಗುತ್ತೆ."

"ಕಟಕಟೆಗಾ?"

"ಹೂಂ."

"ಅಲ್ಲಿ ಅವಳನ್ನ ನಿಲ್ಲಿಸಿ, ನೀನು ಹೇಳಿದ್ದಕ್ಕೇ ನಿನ್ನ ತಮ್ಮ ಒಳಗೆ ಹೋದ ಅಂತ ಕೇಳ್ತೀರಾ?"

"ಅಷ್ಟು ಒರಟಾಗಿ ಕೇಳಲ್ಲ."

"ಮೆತ್ತಗೆ ಕೇಳಿದ್ರೂ ಪ್ರಶ್ನೆ ಅದೇ ತಾನೆ ಸಾರ್?" ಅವನು ಪುಟವನ್ನು ತಿರುಗಿಸಿ ಹಿಂಬದಿಯ ಖಾಲಿಯನ್ನು ನೋಡಿದ. "ಎಷ್ಟ್ ದಿನ ಹಿಡಿಯುತ್ತೆ?"

"ಒಂದು ವರ್ಷ ಆಗಬಹುದು."

"ಒಂಬತ್ತು ತಿಂಗಳಿಗೆ ನಾನೇ ಹೊರಗೆ ಬರ್ತೀನಿ."

"ಹೊರಗೆ ಬರೋದು ಬೇರೆ ಕಣಪ್ಪ. ತಪ್ಪಿಲ್ಲದವನು ಅಂತ ಬರೋದು ಬೇರೆ. ಲಿಫ್ಟಿನ ಲೈಸೆನ್ಸು ವಾಪಸ್ ಸಿಗುತ್ತೆ. ಇಲ್ಲದಿದ್ರೆ ಯಾರೂ ಇನ್ನು ನಿನ್ನ ಕೈಗೆ ಕಟ್ಟಡದ ಕೀ ಕೊಡಲ್ಲ."

ಹೊರಗೆ ಯಾರೋ ನೆಲ ಒರೆಸುತ್ತಿದ್ದರು. ಬಕೆಟ್ಟು ಜರುಗಿದ ಸದ್ದು ಹತ್ತಿರ ಬಂತು, ದೂರ ಹೋಯಿತು.

"ಅಕ್ಕ ನನ್ನ ಕ್ಷಮಿಸಿದಾಳೆ ಸಾರ್," ಎಂದ. "ಸುಮ್ನೆ ಕ್ಷಮಿಸ್ಲಿಲ್ಲ. ಮೊದಲನೇ ವರ್ಷ ಬರ್ತಿದ್ಲು, ಕೂರ್ತಿದ್ಲು, ಎದ್ದು ಹೋಗ್ತಿದ್ಲು. ಮುಖ ನೋಡೋಕಾಗ್ತಿರ್ಲಿಲ್ಲ ಅವಳಿಗೆ. ಆಮೇಲಾಮೇಲೆ ಮಾತು ಬಂತು. ಈಗ ನಗ್ತಾಳೆ. ತನ್ನ ಆಸ್ಪತ್ರೇಲಿ ಒಬ್ಬ ನರ್ಸ್ ಹಂಗಂದ, ಹಿಂಗಂದ ಅಂತ ತಮಾಷೆ ಹೇಳ್ತಾಳೆ. ಈಗ ಹೋಗಿ, ಕ್ಷಮಿಸೋಕೆ ಏನೂ ಇರ್ಲಿಲ್ಲ ಕಣೇ ಅನ್ಲಾ? ಅಷ್ಟೆಲ್ಲಾ ಅವಳು ಸುಮ್ಸುಮ್ನೆ ಪಟ್ಟಿದ್ದು ಅನ್ಲಾ?"

"ಅವಳಿಗೆ ನಿಜ ಗೊತ್ತಾಗ್ಬೇಕಲ್ವಾ?"

"ನೀವು ನಿಜದ ಮಾತಾಡ್ತೀರಲ್ಲ ಸಾರ್." ಮೊದಲ ಸಲ ಅವನು ನಕ್ಕ. ಆಮೇಲೆ ಕೇಳಿದ: "ನನ್ನ ಒಪ್ಪಿಗೆ ಇಲ್ದೆ ನೀವು ಇದನ್ನ ಯಾರಿಗೂ ಹೇಳೋ ಹಾಗಿಲ್ಲ, ಹೌದಾ?"

"ಹೇಳೋ ಹಾಗಿಲ್ಲ."

"ಹಂಗಾದ್ರೆ ಅಕ್ಕನಿಗೆ ಹೇಳ್ಬೇಡಿ."

ಬರೆದು ತಂದಿದ್ದ ಅರ್ಜಿಯನ್ನು ಚೀಲಕ್ಕೆ ಹಾಕಿಕೊಂಡೆ. ಆಮೇಲಿನ ಒಂಬತ್ತು ತಿಂಗಳಲ್ಲಿ ಎರಡು ಸಲ ಹೋಗಿ ಕೇಳಿದೆ. ಎರಡು ಸಲವೂ ಅವನು ನನ್ನ ಮಕ್ಕಳ ಕ್ಷೇಮ ವಿಚಾರಿಸಿ ಕಳಿಸಿದ.

ಅವನು ಹೊರಬರುವ ದಿನ ನನ್ನ ಕಾರು ತೆಗೆದುಕೊಂಡು ಹೋದೆ. ಅಕ್ಕ ಜೈಲಿನ ಗೇಟಿನ ಎದುರು, ಒಂದು ಜೊತೆ ಹೊಸ ಚಪ್ಪಲಿಯನ್ನು ಎದೆಗವಚಿಕೊಂಡು ನಿಂತಿದ್ದಳು. ನನ್ನನ್ನು ಕಂಡು ಅವಳ ಕಣ್ಣು ತುಂಬಿತು. "ನೀವು ಸಿಕ್ಕಿದ್ದು ನಮ್ಮ ಪುಣ್ಯ ವಕೀಲ್ರೇ. ಬೇರೆಯವರಾಗಿದ್ರೆ ಇಲ್ಲದ್ದೆಲ್ಲಾ ಹೇಳಿ, ನಿಮ್ಮ ತಮ್ಮ ಚಿನ್ನದಂಥವನು ಅಂತ ನನ್ನ ನಂಬಿಸಿರೋರು. ಹನ್ನೆರಡು ವರ್ಷ ಹೋಗಿರೋದು."

ನಾನು ಚಪ್ಪಲಿಯ ಅಳತೆ ಸರಿಯಾಗುತ್ತದೆಯೇ ಎಂದು ಕೇಳಿದೆ.

ಅವನು ಬಂದ. ಅವಳು ಮೊದಲು ಅವನ ಕೆನ್ನೆಗೆ ಒಂದು ಏಟು ಕೊಟ್ಟಳು, ಮೆಲ್ಲಗೆ. "ಗಾಳಿ ಬಂದ್ರೆ ಹಾರಿಹೋಗ್ತೀಯಲ್ಲೋ, ಏನೂ ತಿನ್ನಲ್ವಾ?" ಚಪ್ಪಲಿ ಹಾಕಿಸಿದಳು. ಕಾರಿನಲ್ಲಿ ಅವಳು ನನ್ನ ಪಕ್ಕ ಕೂತಳು, ಅವನು ಹಿಂದೆ. ದಾರಿಯುದ್ದಕ್ಕೂ ಅವಳೇ ಮಾತಾಡಿದಳು. ತನ್ನ ವಿಭಾಗದಲ್ಲೇ ಅವನಿಗೂ ಕೆಲಸ ಹೇಳಿದ್ದಾಳೆ. ಒಗೆಯುವ ದೊಡ್ಡ ಯಂತ್ರಗಳು ದಿನಾ ಕೆಟ್ಟು ನಿಲ್ಲುತ್ತವೆ, ಇವನ ಕೈ ಬಿದ್ದರೆ ಸರಿಹೋಗುತ್ತವೆ. "ಮೇಲಿನೋರ ಹತ್ರ ಮುಚ್ಚುಮರೆ ಮಾಡ್ಲಿಲ್ಲ ನಾನು. ತಪ್ಪು ಮಾಡ್ದ, ಒಪ್ಕೊಂಡ, ಮುಗಿಸ್ಕೊಂಡು ಬರ್ತಿದಾನೆ, ಇಷ್ಟೇ ಅಂದೆ. ಒಪ್ಕೊಂಡಿದಾನಲ್ಲ, ಅದು ದೊಡ್ಡದು ಅಂದ್ರು."

"ಹೂಂ," ಎಂದ ಅವನು ಹಿಂದಿನಿಂದ.

ದೊಡ್ಡ ರಸ್ತೆಯಲ್ಲಿ ವಾಹನಗಳು ನಿಂತುಬಿಟ್ಟವು. ಮುಂದೆ ಎಲ್ಲೋ ರಸ್ತೆ ಅಗೆಯುತ್ತಿದ್ದರು. ಎಂಜಿನ್ ಆರಿಸಿದೆ. ಅವಳು ಸೀಟಿನಲ್ಲಿ ಪೂರ್ತಿ ತಿರುಗಿ ಕೂತು ಅವನನ್ನು ನೋಡಿದಳು.

"ಈಗ್ಲಾದ್ರೂ ಹೇಳೋ. ಇನ್ನೇನು, ಎಲ್ಲಾ ಮುಗೀತಲ್ಲ. ಬೈಯಲ್ಲ ನಾನು. ಯಾಕ್ ಮಾಡ್ದೆ?"

ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಅವನು ಗಾಜು ನೋಡುತ್ತಾ ಸುಮ್ಮನೆ ಕೂರುತ್ತಾನೆ ಎಂದುಕೊಂಡೆ. ಆದರೆ ಅವನು ಮಾತಾಡಿದ.

"ಒಬ್ಬ ಇದ್ದ ಅಕ್ಕ. ನನ್ನ ಜೊತೆ ಕೆಲಸ ಕಲಿತೋನು."

"ಯಾರು? ನನಗೆ ಗೊತ್ತಿರೋನಾ?"

"ಇಲ್ಲ. ಒಂದ್ ಸಲ ಮನೆಗೆ ಬಂದಿದ್ದ, ನೀನಿರ್ಲಿಲ್ಲ. ಎಡಗಣ್ಣು ಸ್ವಲ್ಪ ಮೆಳ್ಳೆ. ಒಂದು ಗಂಟು ಕೊಟ್ಟು, ಎರಡು ದಿನ ಇಟ್ಟಿರು, ಬಂದು ತಗೊಂಡ್ ಹೋಗ್ತೀನಿ ಅಂದ."

"ಏನಿದೆ ಅಂತ ಕೇಳ್ಬಾರ್ದೇನೋ ದಡ್ಡ?"

"ಕೇಳ್ಲಿಲ್ಲ."

"ಕೇಳ್ಬೇಕಿತ್ತು."

"ಕೇಳ್ಬೇಕಿತ್ತು ಅಕ್ಕ."

ಇಪ್ಪತ್ತು ವರ್ಷ ಸಾಕ್ಷಿಗಳನ್ನು ನೋಡಿದ್ದೇನೆ. ಇಂಥ ಸಾಕ್ಷಿ ಕಟಕಟೆಗೆ ಬಂದರೆ ನಾನು ಪಾಟೀಸವಾಲಿಗೆ ಏಳುವುದೇ ಇಲ್ಲ. ಎಷ್ಟು ಬೇಕೋ ಅಷ್ಟೇ ಹೇಳುತ್ತಿದ್ದ. ಒಂದು ಮಾತು ಹೆಚ್ಚಿಲ್ಲ. ಆ ಒಂಬತ್ತು ತಿಂಗಳೂ ಅವನು ಇದನ್ನೇ ಕಟ್ಟುತ್ತಿದ್ದನೋ ಏನೋ. ಸ್ಟಿಯರಿಂಗಿನ ಮೇಲೆ ನನ್ನ ಎರಡೂ ಕೈಗಳಿದ್ದವು. ನಾನು ಬಾಯಿ ತೆರೆದಿದ್ದರೆ ಏನು ಬರುತ್ತಿತ್ತೋ ಗೊತ್ತಿಲ್ಲ. ತೆರೆಯಲಿಲ್ಲ.

"ಆಮೇಲೆ ಅವನು ಬಂದ್ನಾ ನಿನ್ನ ನೋಡೋಕೆ? ಒಂದ್ ಸಲನಾದ್ರೂ?"

"ಬರ್ಲಿಲ್ಲ."

"ಏನವನ ಹೆಸರು, ಆ ಮನೆಹಾಳನದು?"

ಅದೊಂದಕ್ಕೆ ಅವನು ಸ್ವಲ್ಪ ಹೊತ್ತು ತೆಗೆದುಕೊಂಡ. ಹೊರಗೆ ನಿಂತ ವಾಹನಗಳನ್ನು ನೋಡಿದ. ಆಮೇಲೆ ಒಂದು ಹೆಸರು ಹೇಳಿದ.

ಅವಳು ಆ ಹೆಸರನ್ನು ಒಮ್ಮೆ ತನ್ನ ಬಾಯಲ್ಲೇ ಹೇಳಿ ನೋಡಿಕೊಂಡಳು. ಕಿಟಕಿಯ ಗಾಜು ಇಳಿಸಿ, ಎಲ್ಲೂ ಹುಟ್ಟಿರದ ಆ ಮನುಷ್ಯನಿಗೆ ಬಾಯಿ ತುಂಬ ಶಾಪ ಹಾಕಿದಳು. ಅವನ ನಾಲಿಗೆ ಸೇದಿಹೋಗಲಿ, ಅವನ ಬಾಳು ಮೂರಾಬಟ್ಟೆಯಾಗಲಿ, ನನ್ನ ತಮ್ಮನ ನಾಲ್ಕು ವರ್ಷ ತಿಂದವನು ನಾಲ್ಕು ದಿನ ನೆಮ್ಮದಿಯಾಗಿ ಮಲಗದೇ ಇರಲಿ. ಪಕ್ಕದ ಲಾರಿಯವನು ಇಣುಕಿ ನೋಡಿದ.

"ಸಾಕು ಬಿಡಕ್ಕ," ಎಂದ ಅವನು. "ಮುಂದೆ ಗಾಡಿ ಹೊರಟ್ವು ಸಾರ್, ಹೋಗೋಣ."